ಕಡಲ ಗಾಳಿ ಮತ್ತು ನಮ್ಮ ಕಣಿವೆ



ಮಲೆನಾಡಿನ ಸಭೆಯಲ್ಲಿ ಕಡಲ ಗಾಳಿಯ ಮಾತೇಕೆ ಎಂದು ತಾವು ಕೇಳಬಹುದು. ನಾಡಿಗೆ ಬೆಳಕು ಬೇಕೆಂದಾಗ ಮುಳುಗಿದ್ದು ನಮ್ಮ ಕಣಿವೆಗಳು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ತೊರೆದ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆಯಬೇಕಾಯಿತು. ಕಾಡನ್ನು ಮುಳುಗಿಸದೆ ವಿದ್ಯುತ್ ಪಡೆಯುವ ಯಾವುದೇ ಮಾರ್ಗವನ್ನು ನಾವು ಗಮನವಿಟ್ಟು ನೋಡಲೇಬೇಕು.

ಕಡಲ ಮೇಲೆ ಗುಡ್ಡ, ಮರ, ಕಟ್ಟಡಗಳ ಅಡ್ಡಿಯಿಲ್ಲ. ಅಲ್ಲಿ ಗಾಳಿ ಹೆಚ್ಚು ಬಲವಾಗಿ, ಹೆಚ್ಚು ಸಮನಾಗಿ ಬೀಸುತ್ತದೆ. ಮಳೆಗಾಲದ ಮಂಕು ಬೆಳಕಿನಲ್ಲಿಯೂ, ಸೂರ್ಯಾಸ್ತದ ನಂತರವೂ ಯಂತ್ರ ತಿರುಗಬಲ್ಲದು. ಡೆನ್ಮಾರ್ಕ್ ದೇಶವು 1991ರಲ್ಲಿ ವಿಂಡೆಬಿ ಎಂಬಲ್ಲಿ 11 ಯಂತ್ರಗಳನ್ನು ನೆಟ್ಟು ಇದಕ್ಕೆ ನಾಂದಿ ಹಾಡಿತು.

ಭಾರತ ಸರ್ಕಾರ 2015ರಲ್ಲಿ ಕಡಲ ಗಾಳಿಗೆಂದೇ ನೀತಿಯೊಂದನ್ನು ರೂಪಿಸಿತು. ಗುಜರಾತಿನ ಖಂಭಾತ್ ಕೊಲ್ಲಿ ಹಾಗೂ ತಮಿಳುನಾಡಿನ ಮನ್ನಾರ್ ಕೊಲ್ಲಿಯತ್ತ ಮೊದಲು ದೃಷ್ಟಿ ಹರಿಯಿತು. 2024ರಲ್ಲಿ 1,000 ಮೆಗಾವಾಟ್ ಸ್ಥಾಪನೆಗೆ, ಎರಡು ಬಂದರುಗಳ ಸುಧಾರಣೆಯೂ ಸೇರಿ, 7,453 ಕೋಟಿ ರೂಪಾಯಿಗಳ ನೆರವಿಗೆ ಕೇಂದ್ರ ಸಂಪುಟ ಒಪ್ಪಿತು. ಆದರೆ ಗುಜರಾತ್ ತೀರದ 500 ಮೆಗಾವಾಟ್‌ಗೆ ಕರೆದಿದ್ದ ಟೆಂಡರ್ 2025ರಲ್ಲಿ ರದ್ದಾಯಿತು. ಸಮುದ್ರತಳದಲ್ಲಿ ಅಡಿಪಾಯ, ನೀರಿನಡಿಯ ಕೇಬಲ್, ಭಾರಿ ಭಾಗಗಳನ್ನು ಹೊರುವ ವಿಶೇಷ ಹಡಗು ಇವೆಲ್ಲ ಬೇಕಾಗುವುದರಿಂದ ಈ ವಿದ್ಯುತ್ ನೆಲದ ಗಾಳಿ ವಿದ್ಯುತ್ತಿಗಿಂತ ದುಬಾರಿ.

ಹಣದ ತೊಡಕಿಗಿಂತ ದೊಡ್ಡದು ಇನ್ನೊಂದಿದೆ. ನಕ್ಷೆಯಲ್ಲಿ ಕಡಲು ಖಾಲಿ ಕಾಣುತ್ತದೆ. ಒಂದು ಕಾಲಕ್ಕೆ ನಮ್ಮ ಕಾಡೂ ಹಾಗೆಯೇ ಕಂಡಿತ್ತು. ಮನ್ನಾರ್ ಕೊಲ್ಲಿ ಹವಳದ ದಿಬ್ಬಗಳ, ಕಡಲಹಸುಗಳ ನೆಲೆ. ಸಾವಿರಾರು ಮೀನುಗಾರರ ಅನ್ನದ ಬಟ್ಟಲು. ಬಲೆ ಬೀಸುವ ನೀರಿಗೆ ಪಹಣಿಯಿಲ್ಲ. ಪಹಣಿಯಿಲ್ಲದವನಿಗೆ ಪರಿಹಾರ ಹೇಗೆ ದೊರೆಯುತ್ತದೆಂಬುದನ್ನು ಶರಾವತಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ.

ಗಾಳಿ, ಬಿಸಿಲುಗಳ ಏರಿಳಿತವನ್ನು ಸರಿದೂಗಿಸಲೆಂದೇ ಸಿಂಗಳೀಕ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಸಮನಾಗಿ ಬೀಸುವ ಕಡಲ ಗಾಳಿ ಇಂಥ ಸಂಗ್ರಹದ ಅಗತ್ಯವನ್ನು ತಗ್ಗಿಸಬಹುದು, ಪೂರ್ತಿ ನೀಗಿಸಲಾರದು.

ನಮ್ಮ ಕಣಿವೆ ಉಳಿಯಲೆಂದು ಮೀನುಗಾರನ ಕಡಲನ್ನು ಬಿಟ್ಟುಕೊಡುವುದು ನ್ಯಾಯವಲ್ಲ. ಯಂತ್ರ ನೆಡುವ ಮೊದಲೇ ಅವನ ಒಪ್ಪಿಗೆ, ಹಕ್ಕಿ-ಮೀನುಗಳ ಅಧ್ಯಯನ, ಲಾಭದಲ್ಲಿ ತೀರದ ಪಾಲು ನಿರ್ಧಾರವಾಗಲಿ. ವಿದ್ಯಾರ್ಥಿಗಳು ಯೋಜನಾ ವರದಿಗಳನ್ನು ಓದಿ ಊರಿನವರಿಗೆ ಕನ್ನಡದಲ್ಲಿ ತಿಳಿಸಿ. ಗ್ರಾಮಸಭೆಯಲ್ಲಿ ನಾವು ನಮಗಾಗಿ ಕೇಳುವ ಪ್ರಶ್ನೆಗಳನ್ನೇ ಕಡಲತೀರದವರ ಪರವಾಗಿಯೂ ಕೇಳೋಣ.