ನಾಸ್ ಬೇಕಾ, ಎರಡು ಹಾರ್ಡ್ ಡಿಸ್ಕ್ ಸಾಕಾ? ಮನೆಯ ವಿಡಿಯೋಗಳ ಲೆಕ್ಕ

ಹೋದ ವಾರ ಬನಹಟ್ಟಿಯಿಂದ ಒಬ್ಬ ಅಕ್ಕಾರು ವಾಟ್ಸ್ಯಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರ ಮಾತಿನಲ್ಲೇ ಹೇಳ್ತೀನಿ: "ತಮ್ಮಾ, ನಮ್ಮಪ್ಪ ಪಾರಿಜಾತದಾಗ ಪಾರ್ಟ್ ಮಾಡ್ತಿದ್ದರು. ಅವರ ಆಟದ್ದು ಆರು ಕ್ಯಾಸೆಟ್ ಇದ್ದವು, ಈಗ ಫೈಲ್ ಮಾಡಿಸೀನಿ. ಮನ್ಯಾಗಿನ ಮದುವಿ ವಿಡಿಯೋ, ಫೋಟೋ ಎಲ್ಲಾ ಸೇರಿ ಎರಡು ಟಿಬಿ ಹತ್ರ ಐತಿ. ಅಳಿಯ ನಾಸ್ ತಗೋರಿ ಅಂತಾನ, ಅಂಗಡಿಯವ ಹಾರ್ಡ್ ಡಿಸ್ಕ್ ಸಾಕು ಅಂತಾನ. ಯಾವುದು ತಗೊಳ್ಳಿ?" ಅಪ್ಪ ಈಗ ಇಲ್ಲ. ಆ ಕ್ಯಾಸೆಟ್‌ಗಳನ್ನ ಬಿಟ್ಟರೆ ಅವರ ಹಾಡಿಕೆ ಬೇರೆಲ್ಲೂ ಉಳಿದಿಲ್ಲ.

ಇವತ್ತಿನ ಎಪಿಸೋಡ್ ಪೂರ್ತಿ ಈ ಪ್ರಶ್ನೆಗೇ. ನಾನು ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ. ಆದರೆ ಇದು ಅರ್ಧ ಕಂಪ್ಯೂಟರ್ ಪ್ರಶ್ನೆ, ಅರ್ಧ ಲೆಕ್ಕದ ಪ್ರಶ್ನೆ.

ಮೊದಲು ನಾಸ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಒಂದು ಡಬ್ಬಿ, ಒಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್, ಹಿಂದಿನಿಂದ ಒಂದು ಕೇಬಲ್ ಮನೆಯ ವೈಫೈ ರೌಟರ್‌ಗೆ ಹೋಗ್ತದೆ. ಆಮೇಲೆ ಪಡಸಾಲೆಯ ಟಿವಿಯಲ್ಲಿ, ಮೇಲಿನ ಮನೆಯ ಮೊಬೈಲ್‌ನಲ್ಲಿ, ಮಗನ ಲ್ಯಾಪ್‌ಟಾಪ್‌ನಲ್ಲಿ ಒಂದೇ ಹೊತ್ತಿಗೆ ಬೇರೆ ಬೇರೆ ವಿಡಿಯೋ ನೋಡಬಹುದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನಿಮಗೆ ಗೊತ್ತೇ ಇದೆ, ಯುಎಸ್‌ಬಿ ವೈರ್ ಚುಚ್ಚಿದರೆ ಕೆಲಸ ಶುರು.

ಈಗ ಎಷ್ಟು ಜಾಗ ಬೇಕು ಅಂತ ನೋಡೋಣ. ಅಕ್ಕಾರ ಕ್ಯಾಸೆಟ್ ಮಿನಿ ಡಿವಿ. ಒಂದು ತಾಸಿನ ಮಿನಿ ಡಿವಿಯನ್ನ ಕುಗ್ಗಿಸದೆ ಫೈಲ್ ಮಾಡಿದರೆ ಸುಮಾರು 13 ಜಿಬಿ ಆಗ್ತದೆ. ಆರು ಕ್ಯಾಸೆಟ್ಟಿಗೆ 78 ಜಿಬಿ, ಅಷ್ಟೇ. ಜಾಗ ತಿನ್ನೋದು ಈಗಿನ ಮದುವೆಗಳು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ಶೂಟ್ ಮಾಡಿದರೆ ತಾಸಿಗೆ 45 ಜಿಬಿ. ಅರಿಶಿನ, ಅಕ್ಕಿಕಾಳು, ಊಟ, ಮೆರವಣಿಗೆ, ಎರಡು ಕ್ಯಾಮೆರಾ ಅಂತ ಲೆಕ್ಕ ಹಾಕಿದರೆ ಒಂದೇ ಮದುವೆ ಅರ್ಧ ಟಿಬಿ ದಾಟ್ತದೆ. ಅಂದ್ರೆ ಬೆಲೆಬಾಳುವ ವಸ್ತು ಸಣ್ಣದು, ಜಾಗ ಹಿಡಿಯುವ ವಸ್ತು ಬೇರೆ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಳಿಯನ ವಾದ ಏನಂದ್ರೆ, ನಾಸ್‌ನಲ್ಲಿ ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೀತದೆ, ಒಂದು ಕೆಟ್ಟರೂ ಇನ್ನೊಂದು ಇರ್ತದೆ. ಮಾತು ಖರೆ. ಆದರೆ ಇದನ್ನ ಬ್ಯಾಕಪ್ ಅಂತ ತಿಳಿಯೋದು ತಪ್ಪು. ಅಂಗಡಿಯ ಬಿಲ್ ಬುಕ್ಕಿನಲ್ಲಿ ಕಾರ್ಬನ್ ಕಾಪಿ ಇರ್ತದಲ್ಲ, ಅದು ಗಿರಾಕಿ ಕೈಗೆ ಹೋದಾಗ ಮಾತ್ರ ಎರಡನೇ ಪ್ರತಿ. ಎರಡೂ ಪ್ರತಿ ಒಂದೇ ಬುಕ್ಕಿನಲ್ಲಿ ಉಳಿದು, ಆ ಬುಕ್ಕೇ ನೀರಿಗೆ ಬಿದ್ದರೆ? ರೇಡ್ ಕೂಡ ಹಂಗ. ಮಕ್ಕಳು ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡೂ ಡಿಸ್ಕಿನಿಂದ ಒಂದೇ ಕ್ಷಣಕ್ಕೆ ಹೋಗ್ತದೆ. ಸಿಡಿಲು ಬಡಿದರೆ ಡಬ್ಬಿ ಸಮೇತ ಹೋಗ್ತದೆ. ರೇಡ್ ಇರೋದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲಬಾರದು ಅಂತ. ಆಫೀಸಿಗೆ ಅದು ಬೇಕು. ಮನೆಯಲ್ಲಿ ಎರಡು ದಿನ ಸಿನಿಮಾ ನೋಡದೇ ಇದ್ದರೆ ಯಾರಿಗೂ ಏನೂ ಆಗೋದಿಲ್ಲ.

ನೀರಿನ ಮಾತು ಸುಮ್ಮನೆ ಎತ್ತಲಿಲ್ಲ. 2019ರ ಆಗಸ್ಟ್ ಯಾರಿಗೂ ಮರೆತಿಲ್ಲ. ಘಟಪ್ರಭೆ ಮುಧೋಳದ ಓಣಿಗಳಿಗೆ ಬಂದಿದ್ದಳು, ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಊರುಗಳ ಜನ ದನಕರು ಹೊಡಕೊಂಡು ಪರಿಹಾರ ಕೇಂದ್ರಗಳಿಗೆ ಹೋಗಿದ್ದರು. ಆ ಹೊತ್ತಿನಲ್ಲಿ ಕೈಗೆ ಸಿಗೋದು ರೇಷನ್ ಕಾರ್ಡು, ಬಂಗಾರ, ಔಷಧಿ. ಟಿವಿ ಹಿಂದಿನ ಡಬ್ಬಿಯ ವೈರ್ ಬಿಚ್ಚುತ್ತ ಯಾರು ಕೂಡ್ತಾರೆ? ಇನ್ನು ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಗಳವರನ್ನ ಕೇಳಿ. ಅವರ ಹಳೇ ಮನೆ, ಹಳೇ ಗುಡಿ ಉಳಿದಿರೋದು ಫೋಟೋದಲ್ಲಿ ಮಾತ್ರ. ಅದಕ್ಕೇ ನಮ್ಮ ಭಾಗದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ನಾಸಾ, ಹಾರ್ಡ್ ಡಿಸ್ಕಾ ಅಂತಲ್ಲ. ಎರಡನೇ ಪ್ರತಿ ಯಾವ ಊರಲ್ಲಿರ್ತದೆ ಅಂತ.

ಫೋಟೋಗ್ರಾಫರ್‌ಗಳಲ್ಲಿ 3-2-1 ಅಂತ ಒಂದು ಲೆಕ್ಕ ಇದೆ. ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಅದನ್ನ ಪ್ರಚಾರಕ್ಕೆ ತಂದವರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ನನ್ನ ಅಭಿಪ್ರಾಯ ಕೇಳಿದರೆ, ಕೊನೆಯ ಆ ಒಂದನ್ನ ಪಾಲಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದ ಹಾಗೆ.

ಈಗ ಖರ್ಚು. ಬೆಲೆ ನಾನು ಹೇಳೋದಿಲ್ಲ, ನೀವು ಕೇಳೋ ಹೊತ್ತಿಗೆ ಬದಲಾಗಿರ್ತದೆ. ಆದರೆ ಖರ್ಚಿನ ತಲೆಗಳನ್ನ ಹೇಳಬಲ್ಲೆ. ಹಾರ್ಡ್ ಡಿಸ್ಕಿಗೆ ಒಂದೇ ತಲೆ: ಡಿಸ್ಕ್. ನಾಸ್‌ಗೆ ಡಬ್ಬಿ ಬೇರೆ, ಒಳಗಿನ ಡಿಸ್ಕ್ ಬೇರೆ, ಯುಪಿಎಸ್ ಬೇರೆ, ತಿಂಗಳ ಕರೆಂಟ್ ಬೇರೆ. ಎರಡು ಡಿಸ್ಕಿನ ನಾಸ್ 15ರಿಂದ 20 ವ್ಯಾಟ್ ಎಳೀತದೆ ಅಂತ ಇಟ್ಟುಕೊಳ್ಳಿ. ಹಗಲು ರಾತ್ರಿ ಉರಿದರೆ ತಿಂಗಳಿಗೆ 11ರಿಂದ 14 ಯೂನಿಟ್. ಇದರಲ್ಲೇನು ಮಹಾ ಅನ್ನಬಹುದು. ಆದರೆ ಗೃಹಜ್ಯೋತಿಯಲ್ಲಿ ನಿಮಗೆ ಸಿಗೋದು ನೇರವಾಗಿ 200 ಯೂನಿಟ್ ಅಲ್ಲ. 2023ರಲ್ಲಿ ಯೋಜನೆ ಶುರುವಾದಾಗ ಹಿಂದಿನ ವರ್ಷದ ನಿಮ್ಮ ಸರಾಸರಿ ಬಳಕೆಯ ಮೇಲೆ 10% ಅಂತ ಮಿತಿ ಹಾಕಿದರು. ಸರಾಸರಿ 80 ಯೂನಿಟ್ ಇದ್ದ ಮನೆಗೆ ಸಿಕ್ಕ ಸಡಿಲು 8 ಯೂನಿಟ್. ನಾಸ್ ಒಂದೇ ಅದನ್ನ ನುಂಗಿ ಮೇಲೆ ಬಿಲ್ ತರ್ತದೆ. ರಾತ್ರಿ ತಾನೇ ಆಫ್ ಆಗುವ ಹಾಗೆ ಟೈಮ್ ಇಡಬಹುದು, ಆಗ ಉಳೀತದೆ.

ಯುಪಿಎಸ್ ಯಾಕಂದ್ರೆ, ಬರೀತಾ ಇರೋವಾಗ ಪಟ್ ಅಂತ ಕರೆಂಟ್ ಹೋದರೆ ಫೈಲ್ ಕೆಡೋ ಸಂಭವ ಇರ್ತದೆ. ಯುಎಸ್‌ಬಿ ವೈರ್ ಇರೋ ಯುಪಿಎಸ್ ಆದರೆ ಕರೆಂಟ್ ಹೋಯ್ತು ಅಂತ ನಾಸ್‌ಗೆ ತಿಳಿಸ್ತದೆ, ಅದು ಸರಿಯಾಗಿ ಬಂದ್ ಆಗ್ತದೆ. ಇನ್ನೊಂದು, ರಬಕವಿ-ಬನಹಟ್ಟಿಯವರಿಗೆ ಮಾತ್ರ: ಮನೆಯಲ್ಲೇ ಪವರ್‌ಲೂಮ್ ಇದ್ದರೆ ನೂಲಿನ ಧೂಳು ಗೊತ್ತಲ್ಲ, ನಾಸ್‌ನ ಫ್ಯಾನ್ ಅದನ್ನ ಒಳಗೆ ಎಳಕೊಂಡು ಕೂಡ್ತದೆ. ಮಗ್ಗದ ಕೋಣೆಯಿಂದ ದೂರ ಇಡಿ.

ಇಂಟರ್ನೆಟ್ ವಿಷಯವೂ ಇದೆ. 2021ರ ಜೂನ್‌ನಲ್ಲಿ ಮೈ ಬುಕ್ ಲೈವ್ ಅನ್ನೋ ನೆಟ್‌ವರ್ಕ್ ಡಿಸ್ಕ್ ಇಟ್ಟುಕೊಂಡಿದ್ದ ಬೇರೆ ಬೇರೆ ದೇಶಗಳ ಜನ ಬೆಳಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಹೊರಗಿನಿಂದ ನುಗ್ಗಿ ಅಳಿಸಿದ್ದರು. ಆ ಮಾದರಿಗೆ ಕಂಪನಿ ಅಪ್‌ಡೇಟ್ ಕೊಡೋದು 2015ಕ್ಕೇ ನಿಂತಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಕ್ಯೂನ್ಯಾಪ್ ನಾಸ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತು. ಕಪಾಟಿನಲ್ಲಿ ವೈರ್ ಬಿಚ್ಚಿಟ್ಟ ಹಾರ್ಡ್ ಡಿಸ್ಕಿಗೆ ಯಾವ ಹ್ಯಾಕರ್ ಕೈಯೂ ಮುಟ್ಟೋದಿಲ್ಲ.

ಅಂತ ಹಾರ್ಡ್ ಡಿಸ್ಕ್ ದೇವರಲ್ಲ. ಓಡ್ತಾ ಇರೋವಾಗ ಮೇಜಿನಿಂದ ಬಿದ್ದರೆ ಮುಗೀತು. ಬಸ್ಸಿನಲ್ಲಿ ಮರೆತರೆ ಮುಗೀತು. ದೊಡ್ಡ ದೋಷ ಏನಂದ್ರೆ ಪ್ರತಿ ಮಾಡೋದನ್ನ ನೀವೇ ನೆನಪಿಟ್ಟು ಮಾಡಬೇಕು. ನಾಸ್ ಮೊಬೈಲ್ ಫೋಟೋಗಳನ್ನ ತಾನೇ ಎಳಕೊಳ್ತದೆ, ಆ ಅನುಕೂಲ ಸಣ್ಣದಲ್ಲ.

ಹಂಗಾದ್ರೆ ಅಕ್ಕಾರಿಗೆ ನನ್ನ ಉತ್ತರ: ನಾಸ್ ಈಗ ಬೇಡ್ರಿ. ನಾಲ್ಕು ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ಎರಡು ತಗೋರಿ, ಒಂದೇ ಕಂಪನಿದು, ಒಂದೇ ದಿನದ್ದು ಬೇಡ. ಕಂಪ್ಯೂಟರಿಗೆ ಹಾಕಿದಾಗ ನಾಲ್ಕರ ಬದಲು 3.63 ಅಂತ ತೋರಿಸ್ತದೆ, ಅಂಗಡಿಯವನ ಜೋಡಿ ಜಗಳಾಡಬೇಡ್ರಿ, ಅದು ಎಣಿಸೋ ರೀತಿಯ ವ್ಯತ್ಯಾಸ. ಒಂದು ನಿಮ್ಮ ಮನೆಯಲ್ಲಿ. ಇನ್ನೊಂದು ವಿಜಯಪುರದಲ್ಲೋ ಧಾರವಾಡದಲ್ಲೋ ಇರೋ ನಿಮ್ಮವರ ಮನೆಯಲ್ಲಿ. ವರ್ಷಕ್ಕೆರಡು ಸಲ, ಯುಗಾದಿಗೆ, ದೀಪಾವಳಿಗೆ ಬಂದು ಹೋಗೋದು ಇದ್ದೇ ಇರ್ತದೆ, ಆಗ ಅದಲು ಬದಲು. ಅಪ್ಪಾರ ಆ 78 ಜಿಬಿಯನ್ನ ಮಾತ್ರ ದುಡ್ಡು ಕೊಟ್ಟು ಕ್ಲೌಡ್‌ನಲ್ಲೂ ಇಡ್ರಿ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ, ಅದರಲ್ಲಿ ಹಿಡಿಸೋದಿಲ್ಲ. ಮದುವೆಯ 4ಕೆ ಎಲ್ಲ ಕ್ಲೌಡಿಗೆ ಹಾಕೋ ಅಗತ್ಯ ಇಲ್ಲ.

ನಾಸ್ ಯಾರಿಗೆ? ಕೂಡು ಕುಟುಂಬ, ಮೂರು ನಾಲ್ಕು ಟಿವಿ, ದಿನಾ ನೋಡೋವರು ಇದ್ದಾರೆ ಅಂದ್ರೆ ತಗೊಳ್ಳಿ. ಸ್ಟುಡಿಯೋ ನಡೆಸೋವರು ಖಂಡಿತ ತಗೊಳ್ಳಿ. ಆಗಲೂ ಮೇಲೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಬೇಕೇ ಬೇಕು. ಒಳಗೆ ಹಾಕೋ ಡಿಸ್ಕ್ ಸಿಎಂಆರ್ ಇದೆಯಾ ಅಂತ ಕೇಳಿ. ಎಸ್ಎಂಆರ್ ಡಿಸ್ಕಿನಲ್ಲಿ ಹಂಚು ಹೊದಿಸಿದ ಹಾಗೆ ಸಾಲುಗಳು ಒಂದರ ಮೇಲೊಂದು ಕೂಡ್ತವೆ, ರೇಡ್‌ನಲ್ಲಿ ಕೆಟ್ಟ ಡಿಸ್ಕ್ ಬದಲಿಸಿದಾಗ ಅದು ತೀರಾ ನಿಧಾನ ಆಗ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ನಾಸ್‌ಗೆಂದೇ ಮಾರುತ್ತಿದ್ದ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್ಎಂಆರ್ ಅಂತ ಆಮೇಲೆ ಒಪ್ಪಿಕೊಳ್ತು. ಟಿವಿಯ ಲ್ಯಾನ್ ಪೋರ್ಟನ್ನೂ ನೋಡಿ, ಬಹಳ ಟಿವಿಗಳಲ್ಲಿ ಅದು 100 ಮೆಗಾಬಿಟ್‌ದು. ನಾನು ಮೊದಲು ಹೇಳಿದ 4ಕೆ ಮದುವೆ ಅದರಲ್ಲಿ ನಿಂತು ನಿಂತು ಓಡ್ತದೆ.

ಕೊನೆಗೆ ಫಾರ್ಮ್ಯಾಟ್. ಎಫ್ಎಟಿ32ನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, 13 ಜಿಬಿಯ ಕ್ಯಾಸೆಟ್ ಕೂಡೋದೇ ಇಲ್ಲ. ನಿಮ್ಮ ಟಿವಿ ಎಕ್ಸ್‌ಫ್ಯಾಟ್ ಓದ್ತದಾ, ಎನ್‌ಟಿಎಫ್ಎಸ್ ಓದ್ತದಾ ಅಂತ ಒಂದು ಪೆನ್‌ಡ್ರೈವ್ ಹಾಕಿ ನೋಡಿ, ಆಮೇಲೆ ಡಿಸ್ಕ್ ತುಂಬಿಸಿ. ಮುಂದಿನ ವಾರ ಹಳೇ ವಿಎಚ್ಎಸ್ ಕ್ಯಾಸೆಟ್‌ಗೆ ಬೂಸಲು ಬಂದಿದ್ದರೆ ಏನು ಮಾಡಬೇಕು ಅಂತ ಮಾತಾಡೋಣ. ಬರ್ತೀನ್ರಿ.