ಪ್ರಶ್ನೆ ಕೇಳುವವರು ಯಾರು?

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಯುವಕ ಯುವತಿಯರ ಮುಂದೆ ಮಾಡಿದ ಭಾಷಣ)



ಇವತ್ತು ಗಡಿ, ನೀರು, ನಾಮಫಲಕದ ಮಾತು ಬಿಟ್ಟು ಟಿ.ವಿ. ಆಟದ ಮಾತು ಆಡುತ್ತೇನೆ. ಮುಖ ಸಿಂಡರಿಸಬೇಡಿ. ಇದೂ ಕೊನೆಗೆ ನಮ್ಮ ಅನ್ನದ ಮಾತಿಗೇ ಬಂದು ನಿಲ್ಲುತ್ತದೆ.

2000ರಲ್ಲಿ ಅಮಿತಾಭ್ ಬಚ್ಚನ್ ಹಿಂದಿಯಲ್ಲಿ ನಡೆಸಿದ ‘ಕೌನ್ ಬನೇಗಾ ಕರೋಡ್‌ಪತಿ’ ದೇಶವನ್ನೇ ಟಿ.ವಿ. ಮುಂದೆ ಕೂರಿಸಿತು. ಅದರ ಮೂಲ 1998ರಲ್ಲಿ ಶುರುವಾದ ಬ್ರಿಟನ್ನಿನ ಆಟ. ಆಡುವ ಬಗೆ ಸರಳ. ಒಂದು ಪ್ರಶ್ನೆ, ನಾಲ್ಕು ಉತ್ತರ, ಒಂದೇ ಸರಿ. ಮೇಲೇರಿದ ಹಾಗೆಲ್ಲ ಹಣ ಹೆಚ್ಚುತ್ತದೆ, ಪ್ರಶ್ನೆ ಬಿಗಿಯಾಗುತ್ತದೆ. ದಾರಿ ಕಾಣದಿದ್ದರೆ ಸಹಾಯ ಉಂಟು: ಎರಡು ತಪ್ಪು ಉತ್ತರ ಅಳಿಸಬಹುದು, ಸಭಿಕರನ್ನು ಕೇಳಬಹುದು, ಗೆಳೆಯನಿಗೆ ಫೋನ್ ಮಾಡಬಹುದು. ಸಾಕೆನಿಸಿದರೆ ಗೆದ್ದ ಹಣ ಹಿಡಿದು ಎದ್ದು ಹೋಗಬಹುದು. ತಪ್ಪು ಹೇಳಿದಿರೋ, ಜಾರಿ ಕೆಳಗೆ!

ಈ ಆಟ ಕನ್ನಡಕ್ಕೆ ಬಂದದ್ದು ಯಾವಾಗ? 2012ರಲ್ಲಿ, ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯಾಗಿ. ಹನ್ನೆರಡು ವರ್ಷ ಕಾದೆವು. ಆದರೆ ಕನ್ನಡ ಅಷ್ಟೂ ದಿನ ಕೈಕಟ್ಟಿ ಕೂತಿರಲಿಲ್ಲ. 2002ರ ಜನವರಿಯಲ್ಲೇ ದೂರದರ್ಶನ ಚಂದನದಲ್ಲಿ ‘ಥಟ್ ಅಂತ ಹೇಳಿ’ ಶುರುವಾಗಿತ್ತು. ನಡೆಸಿದವರು ವೈದ್ಯರಾದ ಡಾ. ನಾ. ಸೋಮೇಶ್ವರ. ಅಲ್ಲಿ ಕೋಟಿಯ ಆಮಿಷವಿಲ್ಲ. ಸರಿ ಉತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ! ಆ ಪುಸ್ತಕದ ಆಸೆಗೇ ಕಾರ್ಯಕ್ರಮ ಸಾವಿರಾರು ಕಂತು ದಾಟಿತು. ಕನ್ನಡಿಗ ದುಡ್ಡಿಗೆ ಮಾತ್ರ ಬಾಯಿ ಬಿಡುತ್ತಾನೆ ಎನ್ನುವವರಿಗೆ ಇದೇ ಉತ್ತರ.

ನಮ್ಮ ನೆಲ ಪ್ರಶ್ನೆಯಾಗಲಿ

ಈಗ ಒಂದು ಮಾತು ಕೇಳಿ. ಈ ಆಟದಲ್ಲಿ ದೊಡ್ಡವನು ಯಾರು? ಉತ್ತರ ಹೇಳಿ ಗೆದ್ದವನೇ? ಅಲ್ಲ. ಪ್ರಶ್ನೆ ಬರೆಯುವವನು! ಯಾವುದು ತಿಳಿವಳಿಕೆ, ಯಾವುದು ಅಲ್ಲ ಎಂದು ತೀರ್ಮಾನ ಮಾಡುವವನು ಅವನು. ಮುಂಬಯಿಯ ನಟನ ಮೊದಲ ಚಿತ್ರ ಗೊತ್ತಿದ್ದರೆ ನೀವು ಜಾಣರು. ನಿಮ್ಮೂರ ಗುಡ್ಡದ ಹೆಸರು ಗೊತ್ತಿದ್ದರೆ ಹಳ್ಳಿಗಮಾರರು. ಇದು ಯಾವ ನ್ಯಾಯ?

ಹಾಗಾದರೆ ನಾನು ಕೇಳುತ್ತೇನೆ, ನೀವು ಹೇಳಿ.

ಒಬ್ಬಳೇ ನಟಿ ಇರುವ ‘ಶಾಂತಿ’ ಚಿತ್ರ ಮಾಡಿ ಗಿನ್ನೆಸ್ ದಾಖಲೆ ಸೇರಿದ ಸಾಹಿತಿ ಯಾರು? ಶಿರಾ ತಾಲ್ಲೂಕಿನ ಬರಗೂರಿನವರು, ಬರಗೂರು ರಾಮಚಂದ್ರಪ್ಪ.

ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಉದ್ದನೆಯ ಕೊಳಲಿಗೆ ಏನೆನ್ನುತ್ತಾರೆ? ಗಣೆ.

‘ಮಣೆಗಾರ’ ಎಂಬ ಆತ್ಮಕಥನ ಬರೆದವರು? ಕೊರಟಗೆರೆ ಸೀಮೆಯ ತುಂಬಾಡಿ ರಾಮಯ್ಯ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಲ್ಲಿ ಓಡಾಡುವ ಮೃಗ ಯಾವುದು? ಕೃಷ್ಣಮೃಗ.

2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎಲ್ಲಿದೆ? ಮಳೆ ಕಾಣದ ಪಾವಗಡದ ತಿರುಮಣಿಯ ಸುತ್ತಮುತ್ತ.

ಕೊನೆಯದು. ನೊಳಂಬರ ರಾಜಧಾನಿ ಹೆಂಜೇರು ಎಲ್ಲಿದೆ? ಶಿರಾ ಗಡಿಯಾಚೆ, ಮಡಕಶಿರಾ ಸೀಮೆಯಲ್ಲಿ, ಹೇಮಾವತಿ ಎಂಬ ಹೆಸರಿನಲ್ಲಿ, ಆಂಧ್ರಪ್ರದೇಶದಲ್ಲಿ! ಈಗ ಯಾಕೆ ಸುಮ್ಮನಾದಿರಿ?

ಎಷ್ಟಕ್ಕೆ ಉತ್ತರ ಹೇಳಿದಿರಿ ಎಂದು ನಿಮ್ಮ ಎದೆಯನ್ನೇ ಕೇಳಿಕೊಳ್ಳಿ. ತಪ್ಪು ನಿಮ್ಮದಲ್ಲ. ಇವನ್ನು ನಿಮ್ಮನ್ನು ಯಾರೂ ಕೇಳಿರಲಿಲ್ಲ.

ಆಡೋಣ ಬನ್ನಿ

ಅದಕ್ಕೇ ಹೇಳುತ್ತೇನೆ, ಈ ಆಟ ನಾವೇ ಆಡೋಣ. ನಾಲ್ಕು ತಾಲ್ಲೂಕು, ನಾಲ್ಕು ತಂಡ, ತಂಡಕ್ಕೆ ಮೂವರು. ಒಂದು ತಾಲ್ಲೂಕಿನ ಪ್ರಶ್ನೆಯನ್ನು ಆ ತಾಲ್ಲೂಕಿನವರೇ ಬರೆಯಲಿ, ಉಳಿದ ಮೂವರು ಉತ್ತರಿಸಲಿ. ಸಿನಿಮಾ, ನಾಟಕ, ಹಾಡು, ಕೆರೆ, ಜಾತ್ರೆ, ಶಾಸನ, ಯಾವುದೂ ಆಗಬಹುದು. ಉತ್ತರಕ್ಕೆ ಮೂವತ್ತು ಸೆಕೆಂಡು. ಸಹಾಯ ಒಂದೇ: ಊರಲ್ಲಿರುವ ಅಜ್ಜಿಗೋ ತಾತನಿಗೋ ಫೋನ್. ಬಹುಮಾನ ಕನ್ನಡ ಪುಸ್ತಕ. ಪಾವಗಡದವರ ಮನೆಮಾತು ತೆಲುಗಿರಬಹುದು, ಶಿರಾದವರದು ಉರ್ದು ಇರಬಹುದು. ಅವರೂ ನಮ್ಮವರೇ. ಆಟ ಮಾತ್ರ ಕನ್ನಡದಲ್ಲಿ.

ಇದು ಬರೀ ಮನರಂಜನೆ ಅಂದುಕೊಂಡಿರಾ? ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2024ರವರೆಗೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಆ ವರ್ಷದಿಂದ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬಂತು. ಅದಕ್ಕೂ ಮೊದಲು ಉತ್ತರ ಗೊತ್ತಿದ್ದೂ ಪ್ರಶ್ನೆಯೇ ಅರ್ಥವಾಗದೆ ವಾಪಸಾದ ಹುಡುಗರೆಷ್ಟೋ! ಟಿ.ವಿ.ಯಲ್ಲಿ ಸೋತರೆ ಕೋಟಿ ಹೋಗುತ್ತದೆ. ಅಲ್ಲಿ ಸೋತರೆ ಒಂದು ಮನೆಯ ಅನ್ನ ಹೋಗುತ್ತದೆ. ಪ್ರಶ್ನೆ ಯಾರ ಭಾಷೆಯಲ್ಲಿದೆ ಎಂಬುದು ಅಷ್ಟು ದೊಡ್ಡ ಮಾತು.

ಕನ್ನಡದಲ್ಲಿ ಕೇಳಿ ಎಂದು ಹಟ ಹಿಡಿಯುವುದು ಅರ್ಧ ಕೆಲಸ. ಕನ್ನಡದಲ್ಲಿ ಕೇಳಲು ನಮ್ಮಲ್ಲಿ ಪ್ರಶ್ನೆಗಳಿವೆ ಎಂದು ತೋರಿಸುವುದು ಉಳಿದರ್ಧ. ಇವತ್ತು ರಾತ್ರಿ ಊರಿಗೆ ಫೋನ್ ಮಾಡಿ. ಊಟ ಆಯಿತಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನಮ್ಮೂರಿಗೆ ಈ ಹೆಸರು ಹೇಗೆ ಬಂತು? ಉತ್ತರ ಬರೆದಿಟ್ಟುಕೊಳ್ಳಿ. ನಮ್ಮ ಆಟದ ಮೊದಲ ಪ್ರಶ್ನೆ ಅದೇ.

ಜೈ ಕರ್ನಾಟಕ!