ಪರೀಕ್ಷೆಯ ಯಂತ್ರಕ್ಕೆ ಕನ್ನಡ ಬರುತ್ತದೆಯೆ?

(ಸಂಘದ ಪಾಲಕ–ಶಿಕ್ಷಕ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿ ಕನ್ನಡಿಗರಿಗೆ ವಿದ್ಯೆ ಸುಲಭವಾಗಿ ಕೈಗೆ ಬಂದುದಲ್ಲ. ಹಗಲೆಲ್ಲ ಹೋಟೆಲು, ಗಿರಣಿ, ಬಂದರುಗಳಲ್ಲಿ ದುಡಿದವರು ರಾತ್ರಿಶಾಲೆಯಲ್ಲಿ ಕುಳಿತು ಅಕ್ಷರ ಕಲಿತರು. ಮೊಗವೀರ ಬಂಧುಗಳು ಉಚಿತ ರಾತ್ರಿಶಾಲೆಯನ್ನು ತೆರೆದದ್ದು 1908ರಲ್ಲಿ. ಇಂದು ಮಹಾನಗರಪಾಲಿಕೆಯ ಶಾಲೆಗಳ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚುಹಾಕಿಸುತ್ತದೆ. ಆದರೆ ಕನ್ನಡ ತರಗತಿಯ ಬೆಂಚುಗಳು ಖಾಲಿಯಾಗುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಉಳಿದಿರುವ ಮಕ್ಕಳ ಮುಂದೆ ಏನನ್ನು ಇಡುತ್ತೇವೆಂಬುದನ್ನು ಆದುದರಿಂದಲೇ ಎಚ್ಚರಿಕೆಯಿಂದ ನೋಡಬೇಕಾಗಿದೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಫೋನಿನಲ್ಲಿ ಪಾಠ ಬಂದಿತು. ಪಾಠದ ಬೆನ್ನಿಗೆ ಪರೀಕ್ಷೆಯೂ ಬಂದಿತು. ಈಗ ಗೂಗಲ್ ಫಾರ್ಮ್ಸ್, ಕಹೂಟ್, ಪ್ಲಿಕರ್ಸ್ ಎಂದು ಹತ್ತಾರು ಸಾಧನಗಳಿವೆ. ಯಾವುದನ್ನು ಆರಿಸಬೇಕು? ನಾಲ್ಕು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತೇವೆ.

ಒಂದು, ಅದಕ್ಕೆ ಕನ್ನಡ ಬರುತ್ತದೆಯೆ? ಮಹಾರಾಷ್ಟ್ರದ ರಾಜಧಾನಿ ಯಾವುದೆಂದು ಕೇಳಿದಿರೆನ್ನಿ. ಒಬ್ಬಳು ‘ಮುಂಬಯಿ’ ಎಂದು ಬರೆದಾಳು, ಇನ್ನೊಬ್ಬ ‘ಮುಂಬೈ’ ಎಂದಾನು. ಇಬ್ಬರೂ ಸರಿಯೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರ ಮಾತ್ರ ಒಬ್ಬರಿಗಷ್ಟೇ ಅಂಕ ಕೊಡುತ್ತದೆ. ಗೂಗಲ್ ಫಾರ್ಮ್ಸಿನಲ್ಲಿ ಒಂದು ಪ್ರಶ್ನೆಗೆ ಹಲವು ಸರಿಯುತ್ತರಗಳನ್ನು ಸೇರಿಸಬಹುದು. ಆ ಶ್ರಮವನ್ನು ಶಿಕ್ಷಕರು ವಹಿಸಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿರುವ ಪ್ರಶ್ನೆಪತ್ರಿಕೆಯನ್ನು ಯೂನಿಕೋಡಿಗೆ ತಾರದೆ ಹಾಕಿದರೆ ಅಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳೇ ಕಾಣುವುವು. ಸರಿಯಾಗಿ ಬರೆದ ಮಗುವಿಗೆ ಯಂತ್ರ ಪದೇಪದೇ ತಪ್ಪೆಂದರೆ, ತನ್ನ ಭಾಷೆಯೇ ಕೆಲಸಕ್ಕೆ ಬಾರದೆಂದು ಆ ಮಗು ತಿಳಿದೀತು.

ಎರಡು, ಮನೆಯಲ್ಲಿ ಫೋನು ಎಷ್ಟಿವೆ? ಇರುವ ಒಂದು ಫೋನು ತಂದೆಯೊಡನೆ ರಾತ್ರಿ ಪಾಳಿಗೆ ಹೋಗುವ ಮನೆಗಳು ನಮ್ಮಲ್ಲಿವೆ. ಅಂಥ ಮಗುವಿಗೆ ಮನೆಯಲ್ಲಿ ಬರೆಯುವ ಪರೀಕ್ಷೆ ಅನ್ಯಾಯ. ಪ್ಲಿಕರ್ಸಿನಲ್ಲಿ ಮಕ್ಕಳ ಕೈಯಲ್ಲಿರುವುದು ಕಾಗದದ ಕಾರ್ಡು. ಅದನ್ನು ಹಿಡಿಯುವ ದಿಕ್ಕೇ ಉತ್ತರ. ಶಿಕ್ಷಕರ ಒಂದೇ ಫೋನು ಇಡೀ ತರಗತಿಯ ಕಾರ್ಡುಗಳನ್ನು ಓದಿಬಿಡುತ್ತದೆ.

ಮೂರು, ಮಗುವಿನ ಹೆಸರು, ವಯಸ್ಸು, ಅಂಕ ಯಾರ ಕೈ ಸೇರುತ್ತವೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ, ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ಹಾಜರಿ ಸಂಖ್ಯೆಯಿಂದಲೇ ಕೆಲಸ ನಡೆಯುವಲ್ಲಿ ಹೆಸರನ್ನೇಕೆ ಕೊಡಬೇಕು?

ನಾಲ್ಕು, ಮರುದಿನ ಬೆಳಿಗ್ಗೆ ಶಿಕ್ಷಕರಿಗೆ ಅದರಿಂದೇನು ಪ್ರಯೋಜನ? ಯಾರು ಮೊದಲಿಗರೆಂದು ತೋರಿಸುವ ಪಟ್ಟಿಯಿಂದ ಪಾಠ ನಡೆಯದು. ಭಾಗಾಕಾರದ ಯಾವ ಹಂತದಲ್ಲಿ ಎಷ್ಟು ಮಕ್ಕಳು ಎಡವಿದರೆಂದು ತಿಳಿದರೆ ಆ ಹಂತವನ್ನು ಮತ್ತೆ ಕಲಿಸಬಹುದು.

ಶಾಲೆಯ ಗ್ರಂಥಾಲಯದ ಮಾತು ಬೇರೆ. ಕಥೆ ಓದಿದ ಮಗುವಿಗೆ ಕೂಡಲೆ ಅಂಕದ ಪ್ರಶ್ನೆ ಹಾಕಿದರೆ ಅದು ಮತ್ತೆ ಪುಸ್ತಕ ಮುಟ್ಟಲಾರದು. 1995ರಲ್ಲಿ ಈ ನಗರದಲ್ಲಿಯೇ ಆರಂಭವಾದ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಿಂದ ಸರಳವಾದ ಉಪಾಯವನ್ನು ಬಳಸಿದೆ: ಅಕ್ಷರ, ಪದ, ಸಣ್ಣ ವಾಕ್ಯಗಳು, ಕಥೆ ಇರುವ ಒಂದು ಹಾಳೆ, ಎದುರಿಗೆ ಕುಳಿತು ಕೇಳುವ ಒಬ್ಬ ಹಿರಿಯ. ಮಗು ಎಲ್ಲಿಯವರೆಗೆ ಓದಬಲ್ಲುದೆಂದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಆ ಮಟ್ಟಕ್ಕೆ ತಕ್ಕ ಕನ್ನಡ ಕಥೆಗಳನ್ನು ‘ಸ್ಟೋರಿವೀವರ್’ನಲ್ಲಿ ಉಚಿತವಾಗಿ ಪಡೆಯಬಹುದು. ಕಂಪ್ಯೂಟರು ಪುಸ್ತಕ ಒದಗಿಸಲಿ. ಓದನ್ನು ಕೇಳುವ ಕಿವಿ ಮನುಷ್ಯರದ್ದಾಗಿರಲಿ.

ಕೊನೆಯದಾಗಿ ನಮ್ಮ ವಿಜ್ಞಾಪನೆ ಇಷ್ಟೆ. ಹಣ ಕೊಡುವ ಮೊದಲು ತಮ್ಮದೇ ಹತ್ತು ಕನ್ನಡ ಪ್ರಶ್ನೆಗಳನ್ನು ಹಾಕಿ ಯಂತ್ರವನ್ನೇ ಪರೀಕ್ಷಿಸಿರಿ. ಇಬ್ಬರು ಶಿಕ್ಷಕರು, ಒಬ್ಬ ತಾಯಿ, ಇಬ್ಬರು ವಿದ್ಯಾರ್ಥಿಗಳು ಜತೆಗೆ ಕುಳಿತು ನೋಡಲಿ. ಅದರಲ್ಲಿ ಪಾಸಾದ ಸಾಧನವನ್ನೇ ತರಗತಿಯೊಳಗೆ ತನ್ನಿರಿ.